ಕಲ್ಲಿನ ಮಾತು ಕೇಳುವ ಮಾಮಾ

ಅಂದು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ತಾಂಡೂರಿನಲ್ಲಿರುವ ತಮ್ಮ ಕಲ್ಲಿನಂಗಡಿಯಲ್ಲಿ ಒಂದು ಪರಸಿಕಲ್ಲಿಗೆ ಕಿವಿ ಹಚ್ಚಿ ನಿಂತಿದ್ದರು. ನೆಲಕ್ಕೆ ಹಾಸುವ ಕಲ್ಲಿನ ಮಾತನ್ನು ಇಷ್ಟು ಭಕ್ತಿಯಿಂದ ಕೇಳುವ ಈ ಮನುಷ್ಯ ಮನೆಯವರ ಮಾತನ್ನು ಒಂದು ದಿನವಾದರೂ ಕೇಳಿದವರೇ?

ಏಳನೆಯ ತರಗತಿಗೆ ಶಾಲೆ ಬಿಟ್ಟ ಮಾಮಾನಿಗೆ ಇಂಗ್ಲಿಷ್ ಕ್ರಿಯಾಪದಗಳ ಹುಚ್ಚು. ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಅಳತೆ ಬರೆಯುವುದು ಎಲ್ಲ ಅಂಗಡಿಯವರ ರೂಢಿ. ಇವರು ಅಳತೆಯ ಪಕ್ಕ ಆ ದಿನದ ಎರಡು ಕ್ರಿಯಾಪದಗಳನ್ನೂ ಬರೆಯುತ್ತಿದ್ದರು. ಬಶೀರಾಬಾದಿನ ಗಿರಾಕಿಯೊಬ್ಬ 'ಸೀ, ಲುಕ್' ಎಂಬುದು ಕಂಪನಿಯ ಹೆಸರೆಂದು ತಿಳಿದು, ಮರುವಾರ ಬಂದು ಅದೇ ಕಂಪನಿಯವು ಇನ್ನೂ ಹತ್ತು ಕಲ್ಲು ಬೇಕೆಂದ. ಮಾಮಾ ಹತ್ತರ ಮೇಲೂ ಬರೆದುಕೊಟ್ಟರು.

ನಾನು ಇಂಗ್ಲಿಷ್ ಎಂ.ಎ. ಮಾಡಿ ಜಹೀರಾಬಾದಿನ ಶಾಲೆಯೊಂದರಲ್ಲಿ ಕಲಿಸುವವಳು. ಹೀಗಾಗಿ ದಿನಾ ನನ್ನ ಊಟದ ಹೊತ್ತಿಗೆ ಸರಿಯಾಗಿ ಮಾಮಾನ ಫೋನು.

"ಹಿಯರ್‌ಗೂ ಲಿಸನ್‌ಗೂ ಏನ್ ಫರಕ್ ಹೇಳವ್ವಾ."

"ತಾನಾಗೇ ಕಿವಿಗಿ ಬೀಳೋದು ಹಿಯರ್, ಮನಸ್ಸಿಟ್ಟು ಕೇಳೋದು ಲಿಸನ್, ಮಾಮಾ."

"ಅದು ಪುಸ್ತಕದಾಗಿಂದು. ನಿನಗ ತಿಳದದ್ದು ಹೇಳು."

ನನಗೆ ತಿಳಿದದ್ದು ಅಷ್ಟೇ ಇತ್ತು. ಡಬ್ಬಿಯಲ್ಲಿ ಅನ್ನ ಆರುತ್ತಿತ್ತು.

ಈ ಕ್ರಿಯಾಪದಗಳ ಜೋಡಿ ಕೈಗೆ ಸಿಕ್ಕಿದ ಮೇಲೆ ಮಾಮಾನ ಹೆಂಡತಿ, ನಮ್ಮ ಅತ್ತೆಯ ಗತಿ ಏನಾಯಿತೆಂದು ಬೇರೆ ಹೇಳಬೇಕೇ?

"ಉಪ್ಪು ತೀರ್ಯಾದ ಅಂತ ಮುಂಜಾನಿಂದ ಹೇಳ್ಲಿಕತ್ತೀನ್ರಿ."

"ಹಿಯರ್ ಆಗ್ಯಾದ. ಲಿಸನ್ ಇನ್ನಾ ಆಗಿಲ್ಲ."

"ಆತು ಬಿಡ್ರಿ. ಇವತ್ತಿನ ಪಲ್ಯ ನೋಡಾಕ ಅಷ್ಟೇ, ಉಣ್ಣಾಕ ಅಲ್ಲ."

ಮಾಮಾ ಚಪ್ಪಲಿ ಹುಡುಕತೊಡಗಿದರು.

ಕಲ್ಲಿಗೆ ಕಿವಿ ಹಚ್ಚಿ ನಿಂತಿದ್ದ ಆ ಸಂಜೆ ನನ್ನನ್ನು ಅಂಗಡಿಗೆ ಕರೆಸಿದ್ದೂ ಈ ಫರಕು ತೋರಿಸಲೆಂದೇ. ನೆಟ್ಟಗೆ ನಿಲ್ಲಿಸಿಟ್ಟ ಕಲ್ಲುಗಳ ಸಾಲಿನ ಒಂದು ತುದಿಯಲ್ಲಿ ನನ್ನನ್ನು ನಿಲ್ಲಿಸಿ, ತಾವು ಇನ್ನೊಂದು ತುದಿಯಿಂದ ಬೆರಳ ಗಣ್ಣಿನಿಂದ ಕುಟ್ಟುತ್ತ ಬಂದರು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ದಬ್ ಎನ್ನುತ್ತದೆ.

"ಸಪ್ಪಳ ಎಲ್ಲಾರಿಗೂ ಹಿಯರ್ ಆಗ್ತದ. ಒಳಗಿನ ಬಿರುಕು ಲಿಸನ್ ಮಾಡಿದವನಿಗಷ್ಟೇ."

ನಾನು ಹೂಂಗುಡುತ್ತ ನನ್ನ ಫೋನು ನೋಡುತ್ತಿದ್ದೆ. ಅವರು ಕುಟ್ಟುವುದನ್ನು ನಿಲ್ಲಿಸಿ "ಈ ಕಡಿ ಬಾ, ಜಲ್ದಿ ಬಾ" ಎಂದರು. ಮಾತು ನನ್ನ ಕಿವಿಗೆ ಬಿತ್ತು. ಪಾಠದ ಇನ್ನೊಂದು ತುಂಡು ಎಂದುಕೊಂಡು ತಲೆ ಎತ್ತಲಿಲ್ಲ. ಮರುಗಳಿಗೆ ಓಡಿ ಬಂದ ಅವರ ಕೈ ನನ್ನನ್ನು ದೂಡಿತು. ನನ್ನ ಕಡೆಗೆ ವಾಲುತ್ತಿದ್ದ ಕಲ್ಲಿನ ಸಾಲು ಅವರ ಬಲಗಾಲಿನ ಮೇಲೆ ಬಿತ್ತು.

ಕಾಲು ಉಳಿಯಿತು, ಮುರಿದ ಎಲುಬಿಗೆ ಡಾಕ್ಟರು ರಾಡು ಹಾಕಿದರು. ಆದರೆ ಮಾಮಾ ನನ್ನೊಡನೆ ಮಾತು ಬಿಟ್ಟರು. ನಾನೇ ಫೋನು ಮಾಡಿದರೆ "ಹಾಂ, ಆರಾಮ" ಎಂದು ಅತ್ತೆಯ ಕೈಗೆ ಕೊಡುತ್ತಿದ್ದರು. ಊಟದ ಹೊತ್ತಿಗೆ ಫೋನನ್ನು ಡಬ್ಬಿಯ ಪಕ್ಕದಲ್ಲಿಟ್ಟು ಕಾಯುತ್ತಿದ್ದೆ. ಪೀಡೆ ಎಂದುಕೊಂಡಿದ್ದ ಕರೆಗಾಗಿ ನಾನು ಹೀಗೆ ಹಂಬಲಿಸುತ್ತೇನೆಂದು ಯಾರಿಗೆ ಗೊತ್ತಿತ್ತು? ಈಗ ಅನ್ನ ಬಿಸಿಯಾಗಿಯೇ ಇರುತ್ತಿತ್ತು, ಅರ್ಧ ಡಬ್ಬಿ ಹಾಗೇ ಮನೆಗೆ ಮರಳುತ್ತಿತ್ತು. ಮಕ್ಕಳು ಬೆಂಚು ಎಳೆದರೆ ಗೋಡೆಗೆ ಸರಿದು ನಿಲ್ಲುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದರೆ ಅವರು ಮತ್ತೆ ಕರೆಯುತ್ತಿದ್ದರು, ನಾನು ಮತ್ತೆ ತಲೆ ಎತ್ತುತ್ತಿರಲಿಲ್ಲ. ಕೇಳಿಸಿಯೂ ತಲೆ ಎತ್ತಲಿಲ್ಲ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಮಾಮಾನಿಗೆ ಗೊತ್ತಾಗಿದೆ, ಅದಕ್ಕೇ ನಾನು ಬೇಡವಾಗಿದ್ದೇನೆ ಎಂದುಕೊಂಡೆ.

ಎರಡು ತಿಂಗಳ ಮೇಲೆ ಒಂದು ಭಾನುವಾರ ತಾಂಡೂರಿಗೆ ಹೋಗಿ, ಅವರ ಮಂಚದ ಪಕ್ಕ ಕೂತು ಹೇಳಿಬಿಟ್ಟೆ.

"ಮಾಮಾ, ನೀವು ಕರದದ್ದು ನನಗ ಕೇಳ್ಸಿತ್ತು. ನಾನೇ ಹೊಳ್ಳಿ ನೋಡ್ಲಿಲ್ಲ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

"ಹುಚ್ಚಿ, ನಿನ್ನ ಅಲ್ಲಿ ನಿಂದ್ರಿಸಿದವ ಯಾರು? ನಾನೇ ಅಲ್ಲೇನು? ಯಾವ ಮಾರಿ ಇಟ್ಕೊಂಡು ನಿನಗ ಫೋನ್ ಮಾಡ್ಲಿ?"

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇಬ್ಬರ್ದೂ ಅಳೋದು ಮುಗದ್ರ ಚಾ ತರ್ತೀನಿ. ಇವತ್ತ ಬಸ್ಸಿಗಿ ಹೋಗಬ್ಯಾಡವ್ವಾ, ಇಲ್ಲೇ ಮಕ್ಕೋ" ಎಂದರು.

ಮಂಚದ ಪಕ್ಕದಲ್ಲೇ ನೆಲದ ಮೇಲೆ ಹಾಸಿಕೊಂಡೆ. ಸೋಮವಾರ ಅತ್ತೆ ಎಬ್ಬಿಸಿದಾಗ ಎಂಟು ಹೊಡೆದಿತ್ತು. ರಾತ್ರಿಯಿಡೀ ನಾನು ಮಗ್ಗುಲು ಕೂಡ ಬದಲಿಸಿರಲಿಲ್ಲವಂತೆ. ಮಾಮಾ ಆಗಲೇ ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬಂದಿದ್ದರು. ನಾನು ಮಲಗಿದ್ದ ಕಡೆಯಿಂದ ನೆಟ್ಟಗೆ ಹೋದರೆ ನಾಲ್ಕೇ ಹೆಜ್ಜೆ. ವಾಕರಿನ ಸಪ್ಪಳಕ್ಕೆ ನನಗೆ ಎಚ್ಚರವಾದೀತೆಂದು ಆ ಮುರಿದ ಕಾಲಿನಲ್ಲೇ ಮಂಚವನ್ನು ಸುತ್ತಿಕೊಂಡು ಹೋದರಂತೆ.