ಎರಡು ಹೆಡ್ಡಿನ ಎಂಜಿನ್ನು ಮತ್ತು ಮಿಸ್ತ್ರಿ ಕಾಕಾ

ಓಡುವ ಲಾರಿಯಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ. ಕೆಟ್ಟು ನಿಂತ ಲಾರಿಯ ಸುತ್ತ ಮಾತ್ರ ದಿನಕ್ಕೊಂದು ನಡೆಯುತ್ತಲೇ ಇರುತ್ತದೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ರಾಯಚೂರಿನ ಒಬ್ಬ ಶೇಂಗಾ ವ್ಯಾಪಾರಿಯ ಲಾರಿ ಓಡಿಸುತ್ತಿದ್ದೆ. ರಾಯಚೂರು, ಮಾನ್ವಿ, ಸಿರವಾರ, ದೇವದುರ್ಗ, ಇದು ನನ್ನ ದಾರಿ. ಆ ದಾರಿಗಿಂತ ಹೆಚ್ಚು ನೆನಪಿರುವುದು ಲಾರಿ ಕೆಟ್ಟು ಶೆಡ್ಡಿನಲ್ಲಿ ನಿಂತ ದಿನಗಳು, ಮತ್ತು ಅದನ್ನು ರಿಪೇರಿ ಮಾಡಿದ ಮುದುಕ. ಅವರನ್ನು ಎಲ್ಲರೂ ಮಿಸ್ತ್ರಿ ಅನ್ನುತ್ತಿದ್ದರು. ನಾನು ಕಾಕಾ ಅನ್ನುತ್ತಿದ್ದೆ.

೧. ಇಬ್ಬರು ಸೊಸೆಯರು

ಮಹಾಯುದ್ಧದ ಕಾಲ. ಪರದೇಶದಿಂದ ಬರುತ್ತಿದ್ದ ಸಾಮಾನು ನಿಂತುಹೋಗಿತ್ತು. ನಮ್ಮ ಲಾರಿಯದು ಆರು ಸಿಲಿಂಡರಿನ ಎಂಜಿನ್ನು. ಮುಂದಿನ ಮೂರು ಸಿಲಿಂಡರಿನ ಬಾಯಿಗೆ ಬೀಡುಕಬ್ಬಿಣದ ಮುಚ್ಚಳ ಒಂದು, ಹಿಂದಿನ ಮೂರಕ್ಕೆ ಇನ್ನೊಂದು. ಆ ಮುಚ್ಚಳಕ್ಕೆ ಹೆಡ್ ಅನ್ನುತ್ತಾರೆ. ಒಂದು ಮಧ್ಯಾಹ್ನ ಸಿರವಾರದ ಹತ್ತಿರ ಎಂಜಿನ್ನು ನೀರಿಲ್ಲದೆ ಕಾದು, ಮುಂದಿನ ಹೆಡ್ ಸೀಳಿಬಿಟ್ಟಿತು. ತಪ್ಪು ನನ್ನದೇ. ಬೆಳಿಗ್ಗೆ ನೀರು ನೋಡಿರಲಿಲ್ಲ. ಕಾಕಾ ಮಾತ್ರ ಲಾರಿಯ ಮಾಲಿಕರಾದ ಸಾವ್ಕಾರರಿಗೆ, "ಬೀಡು ಹಳೇದಾಗಿತ್ರೀ, ಹುಡುಗನ ತಪ್ಪಿಲ್ಲ" ಅಂದರು. ಆಗ ನನಗೆ ಮೂವತ್ತು ವರ್ಷ, ಎರಡು ಮಕ್ಕಳ ತಂದೆ.

ಹೈದರಾಬಾದಿನ ಗುಜರಿಯಿಂದ ಒಂದು ಹೆಡ್ ರೈಲಿನಲ್ಲಿ ಬಂತು. ಅದೇ ಕಂಪನಿಯದು, ಆದರೆ ಇತ್ತೀಚಿನ ಮಾಡಲು. ಎಂಜಿನ್ನಿನ ಮೇಲೆ ಕೂತಿತು. ತೊಂದರೆ ಬಂದದ್ದು ಮ್ಯಾನಿಫೋಲ್ಡಿನಿಂದ. ಕಾರ್ಬುರೇಟರಿನಿಂದ ಪೆಟ್ರೋಲು ಬೆರೆತ ಗಾಳಿಯನ್ನು ಎರಡೂ ಹೆಡ್ಡಿಗೆ ಹಂಚುವ ಬೀಡಿನ ಕೊಳವೆ ಅದು. ಕೊಳವೆ ಹಳೆಯದು, ಹಿಂದಿನ ಹೆಡ್ಡಿಗೆ ಸರಿಯಾಗಿ ಕೂಡುತ್ತಿತ್ತು. ಹೊಸ ಹೆಡ್ಡಿನ ತೂತುಗಳು ಮಾತ್ರ ಒಂದು ಬೆರಳು ಮೇಲೆ, ಅದೂ ಇನ್ನಷ್ಟು ದೊಡ್ಡವು.

ಸಾವ್ಕಾರರು ಬಂದು ನಿಂತರು. ಅವರ ಮನೆಯಲ್ಲಿ ಇಬ್ಬರು ಸೊಸೆಯರು, ಇಬ್ಬರಿಗೂ ಬೇರೆ ಬೇರೆ ಒಲೆ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ.

"ಎಷ್ಟು ದಿನ ಬೇಕು ಮಿಸ್ತ್ರಿ?" ಅಂತ ಕೂಗಿ ಕೇಳಿದರು.

ಕಾಕಾ ಎಣ್ಣೆಗೈ ಒರೆಸಿಕೊಂಡು, "ಒಬ್ಬಾಕಿ ಹಳೇ ಸೊಸಿ, ಒಬ್ಬಾಕಿ ಹೊಸ ಸೊಸಿ. ಇಬ್ರಿಗೂ ಒಂದಾ ಒಲಿ ಮ್ಯಾಲೆ ಅಡಗಿ ಮಾಡು ಅಂದ್ರ ಎಷ್ಟು ದಿನ ಬೇಕು? ನಿಮಗ ಗೊತ್ತಿದ್ದಿದ್ದ ಅದ, ನೀವ ಹೇಳ್ರಿ" ಅಂದರು.

ಸಾವ್ಕಾರರು ಆ ವಾರವೆಲ್ಲ ಶೆಡ್ಡಿನ ಕಡೆ ಸುಳಿಯಲಿಲ್ಲ.

೨. ಬಾಳೆಹಣ್ಣು

ಮ್ಯಾನಿಫೋಲ್ಡನ್ನು ಕಾಕಾ ನಡುವೆ ಗರಗಸದಿಂದ ಎರಡು ತುಂಡು ಮಾಡಿದರು. ಮುಂದಿನ ತುಂಡಿಗೂ ಹೊಸ ಹೆಡ್ಡಿಗೂ ನಡುವೆ ಬೆರಳು ದಪ್ಪದ ಕಬ್ಬಿಣದ ಪಟ್ಟಿ. ಆ ಪಟ್ಟಿಯಲ್ಲಿ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಹೋಗುವ ತೂತುಗಳು. ಕೊರೆದು, ಕಾನಸ ಎಂಬ ಅರದಿಂದ ಉಜ್ಜಿ, ಮತ್ತೆ ಹಿಡಿದು ನೋಡಿ, ಮತ್ತೆ ಉಜ್ಜಿ, ಒಂಬತ್ತು ದಿನ ಹೋಯಿತು. ಆಮೇಲೆ ಕುಲುಮೆಯಲ್ಲಿ ಹಿತ್ತಾಳೆ ಕರಗಿಸಿ ಎರಡು ತುಂಡನ್ನೂ ಮತ್ತೆ ಬೆಸೆದರು.

ಹತ್ತನೆಯ ದಿನ ನಾನು ಹ್ಯಾಂಡಲ್ ಹೊಡೆದೆ. ಎಂಜಿನ್ನು ಎದ್ದಿತು. ಜೊತೆಗೇ ಹಾವು ಬುಸುಗುಟ್ಟಿದ ಹಾಗೆ ಸದ್ದು. ಪಟ್ಟಿಯ ಸಂದಿನಲ್ಲೆಲ್ಲೋ ಹೊರಗಿನ ಗಾಳಿ ಒಳಕ್ಕೆ ಹೋಗುತ್ತಿತ್ತು.

ಕಾಕಾರ ಕಿವಿ ರಾಯಚೂರಿಗೇ ಹೆಸರಾಗಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಗೆ ಕಿವಿಗೊಟ್ಟು, "ಮೂರನೇ ಸಿಲಿಂಡರು, ಎಡಕಿನ ವಾಲ್" ಅಂದರೆ ಅದೇ ಆಗಿರುತ್ತಿತ್ತು. ಅವತ್ತೂ ಹಾಗೇ ಕಿವಿಗೊಟ್ಟರು. ಕಣ್ಣು ಮುಚ್ಚಿದರು. ಬಹಳ ಹೊತ್ತಾದ ಮೇಲೆ, "ಭಾಳ ಚಲೋ ಅದ, ಹಾಲು ಕುಡಿದಂಗ ಓಡಾಕತ್ತದ" ಅಂದರು.

ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ನಿಂತು ಹೇಳಿದೆ: "ಕಾಕಾ, ಗಾಳಿ ಎಳ್ಯಾಕತ್ತದಲ್ರೀ."

"ಬಾಳಿ ಹಣ್ಣಾ? ಈಗೆಲ್ಲಿ ಸಿಗ್ತಾವ ತಮ್ಮಾ? ಸಂತಿ ದಿನ ನೋಡು."

ಜೋರಾಗಿ ನಕ್ಕುಬಿಟ್ಟೆ. ಕಾಕಾ ನಗಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದರು. ಶೆಡ್ಡಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರಿಂದ ಅವರ ಕಿವಿ ಮಂದವಾದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಮೂವತ್ತು ವರ್ಷ ಎಂಜಿನ್ನಿನ ಪಕ್ಕದಲ್ಲಿ ನಿಂತ ಕಿವಿ ಅದು. ಅವರು ನನ್ನ ತೋಳು ಹಿಡಿದು ಲಾರಿಯ ಹಿಂದಕ್ಕೆ ಕರೆದುಕೊಂಡು ಹೋದರು.

"ಯಾರಿಗೂ ಹೇಳಬ್ಯಾಡ ತಮ್ಮಾ. ಈ ಕೆಲಸ ಬಿಟ್ರ ನನಗ ಇನ್ನೊಂದು ಬರಂಗಿಲ್ಲ."

ಹೇಳುವುದಿಲ್ಲ ಅಂತ ತಲೆಯಾಡಿಸಿದೆ. ಮುಂದಿನ ಸಂತೆಯ ದಿನ ಕಾಕಾ ಒಂದು ಡಜನ್ ಬಾಳೆಹಣ್ಣು ತಂದು ನನ್ನ ಸೀಟಿನ ಮೇಲಿಟ್ಟಿದ್ದರು. ನಾನು ಕೇಳಿದ್ದೆನಲ್ಲ!

೩. ತವರು

ಸಂದು ಮುಚ್ಚಲು ತಾಮ್ರದ ತೆಳು ತಗಡು ಬೇಕಾಗಿತ್ತು. ಹೆಡ್ಡಿನ ಬಾಯಿಗೆ ಸರಿಯಾಗಿ ಕತ್ತರಿಸಿ, ಕೆಂಪಗೆ ಕಾಯಿಸಿ, ನೀರಿಗೆ ಹಾಕಿ ಮೆತ್ತಗೆ ಮಾಡಿ, ನಡುವೆ ಇಟ್ಟು ಬಿಗಿದರೆ ಗಾಳಿ ನುಸುಳುವುದಿಲ್ಲ. ತಾಮ್ರವೆಲ್ಲ ಯುದ್ಧಕ್ಕೆ ಹೋಗಿತ್ತು. ಅಂಗಡಿಯವರು ಕೈ ಆಡಿಸಿ ಕಳಿಸಿದರು.

ಮರುದಿನ ಕಾಕಾ ಹೆಗಲ ಮೇಲೆ ಸ್ನಾನದ ಹಂಡೆ ಹೊತ್ತುಕೊಂಡು ಬಂದರು. ಒಳ್ಳೆಯ ತಾಮ್ರದ ಹಂಡೆ, ಅವರ ಹೆಂಡತಿ ತವರಿನಿಂದ ತಂದದ್ದು. ಆಕೆ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದರು. ಹಂಡೆಯ ತಳ ಕರ್ರಗಿತ್ತು, ಹೊಟ್ಟೆ ಮಾತ್ರ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ ಹಾಗೆ ಫಳಫಳ ಹೊಳೆಯುತ್ತಿತ್ತು. ಒಂದು ವರ್ಷ ಅದನ್ನು ತಿಕ್ಕುತ್ತಿದ್ದವರು ಕಾಕಾ ಒಬ್ಬರೇ.

"ಬ್ಯಾಡ್ರೀ ಕಾಕಾ," ಅಂತ ಕಿವಿಯಲ್ಲಿ ಕೂಗಿದೆ. "ಬ್ಯಾರೆ ಎಲ್ಲ್ಯಾರ ನೋಡೋಣ."

ಅವರು ಕತ್ತರಿ ಹಾಕಿದರು. ಮೊದಲ ಸಲ ಕತ್ತರಿ ಜಾರಿತು. ಎರಡನೆಯ ಸಲ ತಗಡು ಸೀಳಿತು. ಆಮೇಲೆ ನಿಲ್ಲಿಸದೆ ಕತ್ತರಿಸುತ್ತ ಹೋದರು. ನಾನು ಬಿಡಿ, ಕುಲುಮೆಯ ತಿದಿ ಒತ್ತುತ್ತಿದ್ದ ಕಮ್ಮಾರನೂ ಆ ಕಡೆ ತಿರುಗಿ ನಿಂತ.

ತಗಡು ಇಟ್ಟು ಬೋಲ್ಟು ಬಿಗಿಯುತ್ತ ಕಾಕಾ ಅಂದರು: "ಆಕಿದು ದೇವದುರ್ಗ. ತವರಿಗೆ ಕಳಸಂಗಿಲ್ಲ ಅಂತ ಜೀವಮಾನ ಪೂರ್ತಿ ನನ್ನ ಕೂಡ ಜಗಳ ಆಡಿದ್ಲು. ಇನ್ನ ದಿನಾ ಹೋಗಿ ಬರ್ಲಿ. ನಾನೂ ನೋಡ್ತೀನಿ, ಎಷ್ಟು ದಿನಕ್ಕ ಬ್ಯಾಸರ ಆಕ್ಕದ ಅಂತ!"

೪. ಮುದುಕಿಯ ಪ್ರಶ್ನೆ

ಮೊದಲ ಪ್ರಯಾಣಕ್ಕೆ ಸಾವ್ಕಾರರು ನನ್ನ ಪಕ್ಕ ಕೂತರು. ಕಾಕಾ ಹಿಂದೆ ಚೀಲಗಳ ಮೇಲೆ. ಅವರ ಜೊತೆ ಯಾವಾಗಿನ ಹಾಗೆ ಹತ್ತೆಂಟು ಜನ, ಒಂದೆರಡು ಕೋಳಿ, ಕವಿತಾಳದ ಒಬ್ಬ ಮುದುಕಿ.

ಮಾನ್ವಿ ತಲುಪುವ ಹೊತ್ತಿಗೆ ಎಂಜಿನ್ನು ನಡುಗಲು ಹತ್ತಿತು. ಬೋಲ್ಟು ಬಿಸಿಯಾಗಿ ಸಡಿಲಾಗಿತ್ತು. ನಾನು ನಿಲ್ಲಿಸಿ ಬಾನೆಟ್ ಎತ್ತಿದೆ. ಎಂಜಿನ್ನು ಓಡುತ್ತಲೇ ಇತ್ತು. ಕಾಕಾ ಇಳಿದು ಬಂದರು. ಸ್ಕ್ರೂಡ್ರೈವರು ಮುಟ್ಟಲಿಲ್ಲ. ಮುಖವನ್ನು ಮ್ಯಾನಿಫೋಲ್ಡಿನ ತೀರ ಹತ್ತಿರ ತಂದು, ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಸರಿಸಿದರು. ಒಂದು ಕಡೆ ಅವರ ಉದ್ದನೆಯ ಬಿಳಿ ಮೀಸೆಯ ಕೂದಲು ಸಂದಿನ ಕಡೆಗೆ ಸೆಳೆದು ನಿಂತಿತು. "ಇಲ್ಲಿ," ಅಂದರು. ಕಿವಿ ಬಿಟ್ಟ ಕೆಲಸವನ್ನು ಮೀಸೆಗೆ ಕಲಿಸಿದ್ದರು. ಅದನ್ನು ಯಾವಾಗ ಕಲಿಸಿದರೋ, ನನಗೂ ಗೊತ್ತಿರಲಿಲ್ಲ.

ಮುದುಕಿ ಚೀಲದ ಮೇಲಿನಿಂದ ಬಗ್ಗಿ ಇದನ್ನೆಲ್ಲ ನೋಡುತ್ತಿದ್ದಳು. "ಯಪ್ಪಾ, ಅಷ್ಟು ಹತ್ರ ಬಾಯಿ ಇಟ್ಟು ಮಾತಾಡಾಕತ್ತಾನಲ್ಲ," ಅಂದಳು. "ಪಾಪ, ಎಂಜಿನ್ನಿಗೆ ಕಿವಿ ಕೇಳಂಗಿಲ್ಲೇನು?"

ಲಾರಿಯ ತುಂಬ ನಗು. ಕಾಕಾ ಮಾತ್ರ ಬೋಲ್ಟು ಬಿಗಿಯುತ್ತಿದ್ದರು. ಬೆನ್ನ ಹಿಂದೆ ಅಷ್ಟು ಜನ ನಕ್ಕರೂ ಒಮ್ಮೆಯೂ ತಿರುಗಿ ನೋಡಲಿಲ್ಲ. ಸಾವ್ಕಾರರು ನಗುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

೫. ಕೆಲಸದಿಂದ ತೆಗೆದದ್ದು

ಕಾಕಾ ಅದಾದ ಮೇಲೆ ಇನ್ನೂ ಎರಡು ವರ್ಷ ಅದೇ ಶೆಡ್ಡಿನಲ್ಲಿದ್ದರು. ಕೊನೆಯ ದಿನಗಳಲ್ಲಿ ಅವರಿಗೆ ಏನೇನೂ ಕೇಳುತ್ತಿರಲಿಲ್ಲ. ಅವರು ತೀರಿಕೊಂಡಾಗ ಹೊತ್ತವರಲ್ಲಿ ನಾನೂ ಒಬ್ಬ. ಆ ಎರಡು ವರ್ಷ ಅವರಿಗೆ ಸಿಕ್ಕ ಬಗೆ ಹೇಳುತ್ತೇನೆ.

ದೇವದುರ್ಗದಿಂದ ಬಂದ ಮರುದಿನ ಸಾವ್ಕಾರರು ಶೆಡ್ಡಿಗೆ ಬಂದರು. ಕೆಟ್ಟ ಮನುಷ್ಯನಲ್ಲ. ಹೇಳುವುದು ಅವರಿಗೂ ಕಷ್ಟವಾಗಿರಬೇಕು, ಎಲ್ಲೋ ನೋಡುತ್ತ ಮೆಲ್ಲಗೆ ಅಂದರು: "ಮಿಸ್ತ್ರಿ, ನಾಳಿಂದ ಬರಬ್ಯಾಡ."

ಕಾಕಾ ಆಕಾಶ ನೋಡಿದರು. "ಬರ್ತದ್ರೀ, ಮಳಿ ಬಂದಾ ಬರ್ತದ. ಮಾಡ ಆಗ್ಯಾವ."

ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಸಾವ್ಕಾರರು ಮತ್ತೆ ಹೇಳಿದರು, ಈ ಸಲ ಕೈಸನ್ನೆ ಮಾಡಿ, ಬಾಗಿಲ ಕಡೆ ತೋರಿಸಿ. ಕಾಕಾ ಹೋಗಿ ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟು ಬಂದರು.

ಮೂರನೆಯ ದಿನ ಸಾವ್ಕಾರರು ನನ್ನನ್ನು ಕರೆದರು. "ನಿನ್ನ ಮಾತು ಅವಗ ತಿಳೀತದ. ನೀನ ಹೇಳು. ಕೆಲಸ ಆತು, ಇನ್ನ ಮನಿಗೆ ಹೋಗು ಅಂತ."

ನಾನು ಕಾಕಾರ ಹತ್ತಿರ ಹೋದೆ. ಸಾವ್ಕಾರರು ನನ್ನ ಬೆನ್ನಿಗೇ ನಿಂತಿದ್ದರು. ಶೆಡ್ಡಿನವರೆಲ್ಲ ಕೈಕೆಲಸ ಬಿಟ್ಟು ನೋಡುತ್ತಿದ್ದರು. ಕಾಕಾ ಕಾನಸ ಕೆಳಗಿಟ್ಟು ಕಿವಿಗೆ ಅಂಗೈ ಹಿಡಿದು ಬಗ್ಗಿದರು. ಆ ಕಿವಿಯಲ್ಲಿ ಆ ಮಾತು ಕೂಗುವುದು ನನ್ನಿಂದ ಆಗಲಿಲ್ಲ.

"ಕಾಕಾ," ಅಂತ ಕೂಗಿದೆ, "ನೀವು ಮಾಡಿದ ಕೆಲಸ ಭಾಳ ಚಲೋ ಆಗ್ಯಾದಂತ! ಸಾವ್ಕಾರ್ರು ಹೇಳಾಕತ್ತಾರ!"

ನನ್ನ ಕೆಲಸವೂ ಹೋಯಿತು ಅಂದುಕೊಂಡೆ. ಕಾಕಾರ ಕಣ್ಣು ತುಂಬಿ ಬಂತು. ಸಾವ್ಕಾರರಿಗೆ ಎರಡೂ ಕೈ ಮುಗಿದರು. ಆಮೇಲೆ ನನ್ನ ಭುಜ ಹಿಡಿದು ಎಳೆದು, ಗುಟ್ಟು ಹೇಳುತ್ತಿದ್ದೇನೆ ಅಂತ ತಿಳಿದು, ಓಣಿಯ ಆ ತುದಿಗೂ ಕೇಳುವ ಹಾಗೆ ಅಂದರು:

"ಹತ್ತು ವರ್ಷದಾಗ ಇವತ್ತ ಮೊದಲ ಸಲ ಹೊಗಳ್ಯಾನ ತಮ್ಮಾ! ಮನುಷ್ಯಾಗ ಆರಾಮ ಅದನೋ ಇಲ್ಲೋ? ಡಾಕ್ಟರಿಗೆ ತೋರಸ್ಯಾರೇನು?"

ಸಾವ್ಕಾರರು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ನಗುವಿಗೋ ಬೇರೆಯದಕ್ಕೋ ನನಗೆ ತಿಳಿಯಲಿಲ್ಲ.

"ಆರಾಮ ಅದೀನಿ ಅಂತ ಹೇಳಪಾ," ಅಂದರು. "ಜೋರಾಗಿ ಹೇಳು. ಇಲ್ಲಂದ್ರ ಸಂಜಿಕ ಡಾಕ್ಟರನ್ನ ಕರಕೊಂಡು ಮನಿಗೇ ಬರ್ತಾನ."