ಚಿಕ್ಕಮ್ಮ ಕಾಲು ಜಾರಿದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಡೈರಿ ಬರೆಯುವ ಅಭ್ಯಾಸ ನನಗಿದೆ, ನಿಜ. ಆದರೆ ನಡೆದದ್ದನ್ನು ಬರೆಯುತ್ತೇನೋ, ಬರೆದದ್ದೇ ನಡೆದದ್ದೆಂದು ಆಮೇಲೆ ನಂಬುತ್ತೇನೋ, ನನಗೇ ಸ್ಪಷ್ಟವಿಲ್ಲ. ಜಾಕೆಟ್ಟಿನ ಬಣ್ಣ ಕೆಂಪೋ ಕಿತ್ತಳೆಯೋ, ಡಾಕ್ಟರು ನಕ್ಕದ್ದು ಮೊದಲೋ ಚಿಕ್ಕಮ್ಮ ಬಾಯಿ ತೆರೆದದ್ದು ಮೊದಲೋ, ಪ್ರಮಾಣ ಮಾಡಿ ಹೇಳಲಾರೆ. ಒಂದು ಮಾತನ್ನು ಮಾತ್ರ ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ: ನನ್ನ ಚಿಕ್ಕಮ್ಮ ಅರವತ್ತು ದಾಟಿದ ಮೇಲೆ, ಗಂಡನ ಕಣ್ಣೆದುರಿಗೇ, ಗಂಡನ ದುಡ್ಡಿನಲ್ಲೇ ಕಾಲು ಜಾರಿದಳು!

ಹೌಹಾರಬೇಡಿ. ತಪ್ಪು ಚಿಕ್ಕಮ್ಮನದಲ್ಲ, ಕನ್ನಡದ್ದು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಸುಂಯ್ಯನೆ ಕೆಳಗಿಳಿಯುವ ಆಟಕ್ಕೆ ಇಂಗ್ಲಿಷಿನವರು ಸ್ಕೀಯಿಂಗ್ ಎಂದು ಗೌರವದ ಹೆಸರಿಟ್ಟಿದ್ದಾರೆ. ಕರಾವಳಿಯ ನಮಗೆ ಹಿಮವೆಲ್ಲಿಂದ ಬರಬೇಕು? ನಮ್ಮಲ್ಲಿ ಜನ ಜಾರುವುದು ಒಂದೋ ಪಾಚಿಗೆ, ಇಲ್ಲವೇ ಪಾಪಕ್ಕೆ. ಮೂರನೆಯದೊಂದು ಜಾರುವಿಕೆ ಇದೆ, ಅದಕ್ಕೆ ಗಂಟೆಗಿಷ್ಟು ಎಂದು ದುಡ್ಡು ಕೊಡಬೇಕು ಎಂದು ನಮ್ಮ ವಂಶದಲ್ಲಿ ಕಂಡುಹಿಡಿದವಳು ಚಿಕ್ಕಮ್ಮನೇ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಉಡುಪಿಯ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು. ಸ್ಟೇಷನ್ನಿನ ಹತ್ತಿರ ಚಿಕ್ಕಪ್ಪನದೊಂದು ಸಸ್ಯಾಹಾರಿ ಹೋಟೆಲು. ಅಲ್ಲಿ ಗಲ್ಲಾ ಚಿಕ್ಕಪ್ಪನದು, ಹಿಟ್ಟಿನ ಖಾತೆ ಚಿಕ್ಕಮ್ಮನದು. ಮನೆ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಬರುತ್ತದೆ ಎಂದು ಸೊಸೈಟಿಯ ಮೀಟಿಂಗಿನಲ್ಲಿ ಪ್ರತಿವರ್ಷ ಚಪ್ಪಾಳೆ ಮಾತ್ರ ಬರುತ್ತದೆ. ಹತ್ತಿ, ಇಳಿದು, ರೈಲಿನ ಬ್ರಿಜ್ಜು ದಾಟಿ, ಮತ್ತೆ ಹತ್ತಿ, ಅವಳ ಎರಡೂ ಮೊಣಕಾಲು ಸವೆದುಹೋಗಿದ್ದವು. ಅವಳು ಮೆಟ್ಟಿಲು ಹತ್ತುವಾಗಿನ ಕಟಕಟ ಸದ್ದಿಗೆ ಎರಡನೆಯ ಮಹಡಿಯವರು ಹಾಲಿನವನು ಬಂದನೆಂದು ಪಾತ್ರೆ ಹಿಡಿದು ಬಾಗಿಲು ತೆರೆಯುತ್ತಿದ್ದರಂತೆ!

ಠಾಣೆಯ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಎರಡೂ ಮೊಣಕಾಲಿಗೆ ಆಪರೇಷನ್ ಆಗಲೇಬೇಕು, ತೀರ ತಡಮಾಡಿದರೆ ನಡೆಯುವುದೇ ನಿಂತೀತು ಎಂದರು. ಆಮೇಲೆ ನೆಲದ ಮೇಲೆ ಕೂರುವಂತಿಲ್ಲ, ಓಡುವಂತಿಲ್ಲ, ಜಾರುವ ಜಾಗಕ್ಕೆ ಕಾಲಿಡುವಂತಿಲ್ಲ ಎಂದು ನಿಷೇಧಗಳನ್ನೂ ಓದಿದರು. ಹೊರಗೆ ಕಾಯುವಾಗ ಟಿವಿಯಲ್ಲಿ ಯಾರೋ ಹಿಮದ ಮೇಲೆ ಹಕ್ಕಿಯಂತೆ ಇಳಿಯುತ್ತಿದ್ದರು. ಅದನ್ನು ಚಿಕ್ಕಮ್ಮ ಕಣ್ಣೆವೆಯಿಕ್ಕದೆ ನೋಡಿದ್ದಳು.

"ಡಾಕ್ಟರ್‌ಸಾಬ್, ತೋ ಮೈ ಪೆಹಲೇ ಸ್ಕೀಯಿಂಗ್ ಕರ್‌ಕೇ ಆತೀ ಹೂಂ" ಎಂದಳು.

ಡಾಕ್ಟರು ಜೋರಾಗಿ ನಕ್ಕು, "ಜರೂರ್ ಆಂಟೀ! ಪೆಹಲೇ ಸ್ಕೀಯಿಂಗ್, ಬಾದ್ ಮೇ ಆಪರೇಷನ್!" ಎಂದರು.

ಮೊದಲು ಜಾರಾಟ, ಆಮೇಲೆ ಆಪರೇಷನ್ ಎಂದು ಪಾಪ, ತಮಾಷೆ ಮಾಡಿದರು. ಚಿಕ್ಕಮ್ಮ ಅದನ್ನು ಪ್ರಿಸ್ಕ್ರಿಪ್ಷನ್ ಎಂದು ತೆಗೆದುಕೊಂಡಳು.

ಮನೆಯಲ್ಲಿ ಗದ್ದಲವೋ ಗದ್ದಲ. ಅವಳ ಮಗಳು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮೀ, ಲೋಗ್ ಕ್ಯಾ ಬೋಲೇಂಗೇ?" ಎಂದು ಜನರ ಬಾಯಿಗೆ ಹೆದರಿದಳು.

"ಲೋಗ್ ಎಂತ ಬೇಕಾದ್ರೂ ಬೋಲಲಿ! ಮೊಣಕಾಲು ಲೋಗಿನದ್ದಾ, ನನ್ನದಾ?"

ಚಿಕ್ಕಪ್ಪ ಬೇರೆ ದಾರಿ ಹಿಡಿದರು. "ಅಲ್ಲ ಮಾರಾಯ್ತಿ, ಜಾರ್ಲಿಕ್ಕೆ ಅಷ್ಟು ದೂರ ಯಾಕೆ? ನಮ್ಮ ಬಚ್ಚಲಲ್ಲಿ ಫ್ರೀ ಉಂಟಲ್ಲ!"

ಆದರೆ ಅವಳು ಜಗ್ಗಲಿಲ್ಲ. "ಇಷ್ಟು ವರ್ಷ ಈ ಕಾಲುಗಳನ್ನು ನಾನು ಎಳ್ಕೊಂಡು ಹೋದೆ. ಒಂದು ಸಲ ಅವು ನನ್ನನ್ನು ಎಳ್ಕೊಂಡು ಹೋಗ್ಲಿ. ಮಾರನೇ ದಿನ ಎರಡನ್ನೂ ಕೊಯ್ಯಲಿ, ನಾನು ಯಾಕೆ ಅಂತ ಕೇಳಿದ್ರೆ ಮತ್ತೆ!" ಎಂದಳು. ಒಪ್ಪಂದ ಹೀಗಾಯಿತು: ಮಗು ಆಡುವಷ್ಟು ಸಣ್ಣ ಇಳಿಜಾರು, ಅಕ್ಕಪಕ್ಕ ಹಿಡಿಯಲು ಜನ, ಒಂದೇ ಒಂದು ಸಲ ಜಾರುವುದು. ಆಮೇಲೆ ಸೀದಾ ಆಸ್ಪತ್ರೆ. ಆಪರೇಷನ್ನಿಗಾಗಿ ನಾವೆಲ್ಲ ಹಿಮಕ್ಕೆ ಹೂಂಗುಟ್ಟಿದೆವು.

ಖರ್ಚು ವಿಚಾರಿಸಲು ಮನಾಲಿಯ ಒಬ್ಬ ಏಜೆಂಟಿಗೆ ಫೋನ್ ಮಾಡಿದ್ದು ಚಿಕ್ಕಪ್ಪ. ಹಲಗೆಗೆ ಇಷ್ಟು ಎಂದ. ಸರಿ. ಬೂಟಿಗೆ ಬೇರೆ. ಕೋಲಿಗೆ ಬೇರೆ. ತೊಡುವ ಕೋಟಿಗೆ ಬೇರೆ. ಕಲಿಸುವವನಿಗೆ ಬೇರೆ. ಇಳಿಜಾರಿನವರೆಗೆ ಒಯ್ಯುವ ಗಾಡಿಗೆ ಬೇರೆ. ಚಿಕ್ಕಪ್ಪ ಪ್ರತಿಯೊಂದನ್ನೂ ಮನಸ್ಸಿನಲ್ಲೇ ಮಸಾಲೆದೋಸೆಗೆ ಪರಿವರ್ತಿಸುತ್ತಿದ್ದರೆಂಬುದು ಅವರ ತುಟಿ ನೋಡಿದರೇ ತಿಳಿಯುತ್ತಿತ್ತು. ಫೋನಿಟ್ಟವರೇ ಸಿಡಿದರು: "ಇವನ ಹಾಗೆ ನಾನು ಇಡ್ಲಿಗೆ ಬೇರೆ, ಚಟ್ನಿಗೆ ಬೇರೆ, ಸಾಂಬಾರಿಗೆ ಬೇರೆ, ಪ್ಲೇಟಿಗೆ ಬೇರೆ ಬಿಲ್ಲು ಹಾಕಿದ್ರೆ ಜನ ನನ್ನನ್ನೇ ಅರೆದು ಚಟ್ನಿ ಮಾಡ್ತಾರೆ!"

ಹವಾಮಾನದ ಖಾತೆ ನನ್ನ ಪಾಲಿಗೆ ಬಂತು. ನಾನು ಎಂ.ಎ. ಓದಿದವಳು, ಚಿಕ್ಕಮ್ಮನ ಮನೆಯಲ್ಲೇ ಇದ್ದು ವಾಶಿಯಲ್ಲಿ ಸಂಬಳದ ಕೆಲಸಕ್ಕೆ ಹೋಗುವವಳು. ಹಾಗಾಗಿ ಮೋಡಗಳ ವಿಷಯ ನನಗೆ ಗೊತ್ತಿರಬೇಕೆಂದು ಚಿಕ್ಕಮ್ಮನ ಲೆಕ್ಕ. ಫೋನಿನಲ್ಲಿ ಮೂರು ಆಪ್ ಹಾಕಿಕೊಂಡೆ. ಒಂದು ಹಿಮ ಎಂದರೆ ಇನ್ನೊಂದು ಮೋಡ ಎನ್ನುತ್ತಿತ್ತು, ಮೂರನೆಯದು ಹಲ್ಲು ಕಿರಿಯುವ ಸೂರ್ಯನನ್ನು ತೋರಿಸುತ್ತಿತ್ತು.

"ಗುರುವಾರ ನಲವತ್ತು ಪರ್ಸೆಂಟ್ ಹಿಮ ಅಂತೆ ಚಿಕ್ಕಮ್ಮ."

"ನಲವತ್ತು ಪರ್ಸೆಂಟ್ ಅಂದ್ರೆ ಎಂತ? ಮೊಣಕಾಲಿನವರೆಗಾ?"

ಆಪ್‌ಗಳ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಅವಳು ನಂಬುತ್ತಿದ್ದದ್ದು ಇಡ್ಲಿ ಹಿಟ್ಟನ್ನು! ಬದಲಾಪುರದ ಕಡೆಯಿಂದ ತಣ್ಣನೆ ಗಾಳಿ ಬೀಸಿ ಡೊಂಬಿವಲಿಯವರು ಮಫ್ಲರು ಹುಡುಕುವ ದಿನಗಳಲ್ಲಿ ಹಿಟ್ಟು ಉಬ್ಬುವುದಿಲ್ಲ. ಅಂಥ ಒಂದು ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಹಿಟ್ಟು ಮಲಗಿದೆ. ಅಲ್ಲಿ ಹಿಮ ಬಿದ್ದಾಯ್ತು, ಫೋನ್ ಮಾಡು" ಎಂದು ಆಜ್ಞಾಪಿಸಿದಳು. ಮಾಡಿದೆ.

"ಹಾಂ ಮೇಡಂ, ಗಿರಾ ಥಾ, ಪರಸೋಂ. ಅಬ್ ತೋ ಪಿಘಲ್ ಗಯಾ" ಎಂದಿತು ಆ ಕಡೆಯ ದನಿ. ಮೊನ್ನೆ ಬಿದ್ದು, ಇವತ್ತಿಗೆ ಕರಗಿದೆ!

ಹಿಟ್ಟು ಸುಳ್ಳು ಹೇಳಲಿಲ್ಲ, ನೋಡಿ. ತಡವಾಗಿ ಹೇಳಿತು, ಅಷ್ಟೆ. ಅಲ್ಲಿ ಹಿಮ ಬಿದ್ದು, ಆ ಚಳಿ ಡೊಂಬಿವಲಿ ಲೋಕಲ್ ಹಿಡಿದು ಇವಳ ಡಬ್ಬಿಯೊಳಗೆ ಇಳಿಯುವಷ್ಟರಲ್ಲಿ ಅಲ್ಲಿ ನೀರಾಗಿರುತ್ತಿತ್ತು.

ಆ ಚಳಿಗಾಲ ಟಿಕೆಟು ಮಾಡಿಸಿ ರದ್ದು ಮಾಡಿದೆವು. ಮರುವರ್ಷವೂ ಅದೇ. ಪ್ರತಿಸಲವೂ, ಆಪರೇಷನ್ನಿಗೆಂದು ಗೊತ್ತುಮಾಡಿದ್ದ ನವಿ ಮುಂಬಯಿಯ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ಮುಂದೆ ಹಾಕಬೇಕಾದವಳು ನಾನು. ಅಲ್ಲಿನ ಹುಡುಗಿ ಒಮ್ಮೆ ಕಾರಣ ಕೇಳಿದಳು. ಬಿಪಿಯೋ, ಶುಗರ್ರೋ?

"ಸ್ನೋ ನಹೀ ಗಿರಾ" ಎಂದೆ.

ಅವಳು ಪೇಷೆಂಟಿನ ಹೆಸರನ್ನು ಇನ್ನೊಮ್ಮೆ ಕೇಳಿ ಬರೆದುಕೊಂಡಳು.

ಈ ನಡುವೆ ತಯಾರಿ ಮಾತ್ರ ಭರದಿಂದ ಸಾಗಿತ್ತು. ಉಲ್ಹಾಸನಗರದಲ್ಲಿ ಸಿಗದ ವಸ್ತು ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ ಎಂಬುದು ಚಿಕ್ಕಮ್ಮನ ಸಿದ್ಧಾಂತ. ಅಲ್ಲಿ ದೊಡ್ಡ ಕಂಪೆನಿಯ ಹೆಸರನ್ನು ಒಂದೇ ಅಕ್ಷರ ತಪ್ಪಿಸಿ ಬರೆದ ಜಾಕೆಟ್ ಸಿಕ್ಕಿತು. ಅಂಗಡಿಯವನು ಎದೆ ತಟ್ಟಿ, "ಮೈನಸ್ ಟೆನ್ ತಕ್ ಚಲೇಗಾ ಆಂಟೀ" ಎಂದ.

"ವೋ ಠೀಕ್ ಹೈ, ರೇಟ್ ಮೇ ಮೈನಸ್ ಕಿತನಾ?"

ಅದನ್ನು ತೊಟ್ಟು ಮನೆಯ ಮುಂದಿನ ಪ್ಯಾಸೇಜಿನಲ್ಲಿ, ವಿಡಿಯೋದಲ್ಲಿ ಹೇಳಿದಂತೆ, ಮೊಣಕಾಲು ತುಸು ಬಗ್ಗಿಸಿ, ಕೈ ಮುಂದೆ ಚಾಚಿ ನಿಲ್ಲುತ್ತಿದ್ದಳು. "ಇದೆಂತ ದೊಡ್ಡ ವಿದ್ಯೆ? ಒಲೆಯಿಂದ ಬಿಸಿ ಇಡ್ಲಿ ಪಾತ್ರೆ ಇಳಿಸುವ ಹಾಗೇ ಉಂಟಲ್ಲ" ಎನ್ನುತ್ತಿದ್ದಳು. ಎದುರುಮನೆಯ ಧಾರವಾಡದ ಅಕ್ಕ ಒಂದು ದಿನ ಬಾಗಿಲು ತೆರೆದು ನೋಡಿ ಗಾಬರಿಯಾದರು. "ಯಾಕ್ರೀ ಅಕ್ಕಾರ, ಸೊಂಟ ಹಿಡ್ಕೊಂಡೈತೇನ್ರೀ? ತಡೀರಿ, ಎಣ್ಣಿ ತರತೀನಿ!"

ಹೊರಗೆ ಡೊಂಬಿವಲಿಯ ಬಿಸಿಲು, ಒಳಗೆ ಮೈನಸ್ ಹತ್ತರ ಜಾಕೆಟ್ಟು. ಅವಳು ಬೆವರುವುದನ್ನು ನೋಡಲಾರದೆ ನಾನೇ ಒಂದು ಉಪಾಯ ಹೇಳಿದೆ: ನವಿ ಮುಂಬಯಿಯ ಮಾಲ್ ಒಂದರಲ್ಲಿ ಕೃತಕ ಹಿಮದ ಕೋಣೆ ಇದೆ, ಸಣ್ಣ ಇಳಿಜಾರೂ ಇದೆ, ಮುನ್ಸೂಚನೆಯ ರಗಳೆಯಿಲ್ಲ, ಈ ಭಾನುವಾರವೇ ಹೋಗಬಹುದು. ಚಿಕ್ಕಪ್ಪನ ಮುಖ ಬೆಳಗಿತು. ಚಿಕ್ಕಮ್ಮ ನನ್ನನ್ನು ಸುಡುವಂತೆ ನೋಡಿದಳು.

"ಫ್ರಿಜ್ಜಿನೊಳಗೆ ಜಾರ್ಲಿಕ್ಕೆ ನಾನೆಂತ ತೊಂಡೆಕಾಯಾ?"

ಮೂರನೆಯ ಚಳಿಗಾಲದ ಹೊತ್ತಿಗೆ ಅವಳು ಕೋಲಿಲ್ಲದೆ ಅಡುಗೆಮನೆಯಿಂದ ಬಾಲ್ಕನಿಗೆ ಹೋಗಲಾರದಂತಾಗಿದ್ದಳು. ಚಿಕ್ಕಪ್ಪ ಹೋಟೆಲನ್ನು ಮ್ಯಾನೇಜರಿಗೆ ಒಪ್ಪಿಸಿ, "ಹಿಮ ಇರ್ಲಿ ಬಿಡ್ಲಿ, ಹೋಗುವುದೇ" ಎಂದು ಟಿಕೆಟು ತಂದರು. ಅವರಿಬ್ಬರು ಮತ್ತು ನಾನು, ಮೂವರೂ ಹೊರಟೆವು. ದಾರಿಯುದ್ದಕ್ಕೂ ನನ್ನ ಮೂರೂ ಆಪ್‌ಗಳು, ಹುಟ್ಟಿದ ಮೇಲೆ ಮೊದಲ ಬಾರಿಗೆ, ಒಂದೇ ಮಾತು ಹೇಳುತ್ತಿದ್ದವು: ಬಿಸಿಲು.

ಹೋಗಿ ನೋಡಿದರೆ ಇಳಿಜಾರಿನ ತುಂಬ ಒಣಹುಲ್ಲು. ಬಾಡಿಗೆಯ ಹಲಗೆಗಳು ಸಾಲಾಗಿ ಗೋಡೆಗೊರಗಿ ಬಿಸಿಲು ಕಾಯಿಸುತ್ತಿದ್ದವು. ನನಗೂ ಚಿಕ್ಕಪ್ಪನಿಗೂ ಅಳು ಬರುವುದೊಂದು ಬಾಕಿ. ಚಿಕ್ಕಮ್ಮ ಮಾತ್ರ ಎಂದೂ ಕಾಣದಷ್ಟು ಲವಲವಿಕೆಯಲ್ಲಿದ್ದಳು. ಶಾಲಿಗೆ ಚೌಕಾಸಿ ಮಾಡಿದಳು. ಯಾಕ್ ಎಂಬ ರೋಮಶ ಎಮ್ಮೆಯ ಮೇಲೆ ಕೂತು ಫೋಟೋ ತೆಗೆಸಿಕೊಂಡಳು. "ಇಲ್ಲದ ಹಿಮಕ್ಕೆ ನಾನೆಂತ ಮಾಡ್ಲಿ? ಬರುವ ವರ್ಷ ನೋಡುವ!" ಎಂದು ನಗುನಗುತ್ತ ಹೇಳಿದಳು.

"ಬರುವ ವರ್ಷ ನೀನು ನಡೀತೀಯಾ ಅಂತ ಮೊದಲು ನೋಡುವ" ಎಂದರು ಚಿಕ್ಕಪ್ಪ. ಅವರು ನಗಲಿಲ್ಲ.

ವಾಪಸು ಹೊರಡುವ ದಿನ ಬೆಳಿಗ್ಗೆ ಪರದೆ ಸರಿಸಿದೆ. ಬೆಟ್ಟವಿಲ್ಲ, ರಸ್ತೆಯಿಲ್ಲ, ಎದುರಿನ ಮರವೂ ಇಲ್ಲ. ಎಲ್ಲ ಬಿಳಿ, ಇನ್ನೂ ಬೀಳುತ್ತಲೇ ಇದೆ! ಕೈಯಲ್ಲಿದ್ದ ಫೋನಿನಲ್ಲಿ ಸೂರ್ಯ ಆಗಲೂ ಹಲ್ಲು ಕಿರಿಯುತ್ತಿದ್ದ. "ಚಿಕ್ಕಮ್ಮಾ, ಹಿಮ!" ಎಂದು ಕಿರುಚಿದೆ. ಅವಳು ಗಲ್ಲದವರೆಗೆ ರಜಾಯಿ ಎಳೆದುಕೊಂಡು ಕೂತಲ್ಲಿಂದಲೇ, "ಜೋರಿಲ್ಲ ಅಲ್ವಾ? ನಿಲ್ತದೆ, ನಿಲ್ತದೆ" ಎಂದಳು. ದೃಷ್ಟಿ ತಾಗಬಾರದೆಂದು ಹಾಗೆ ಹೇಳುತ್ತಿದ್ದಾಳೆ ಎಂದುಕೊಂಡೆ.

ಕಲಿಸುವ ಹುಡುಗ, "ಆಂಟೀ, ಆಪ್ ತೋ ಲಕ್ಕೀ ಹೋ!" ಎಂದು ಕುಣಿದ. ಹಲಗೆಗೆ, ಬೂಟಿಗೆ, ಕೋಲಿಗೆ ಅವನು ಹೇಳಿದ ದರವನ್ನು ಚಿಕ್ಕಮ್ಮ ಚೌಕಾಸಿ ಮಾಡದೆ ಒಪ್ಪಿಕೊಂಡಳು. ಡೊಂಬಿವಲಿಯ ತರಕಾರಿ ಮಾರುಕಟ್ಟೆ ಆ ದೃಶ್ಯ ನೋಡಿದ್ದರೆ ಒಂದು ದಿನ ಬಂದ್ ಆಚರಿಸುತ್ತಿತ್ತು.

ಒಂದು ಕಡೆ ಅವನು, ಇನ್ನೊಂದು ಕಡೆ ನಾನು. ಮೊಣಕಾಲು ಬಗ್ಗಿತು, ಕೈ ಮುಂದೆ ಬಂತು. ನಾವು ಕೈಬಿಟ್ಟೆವೋ, ಅಥವಾ ಅವಳೇ ಬಿಡಿಸಿಕೊಂಡಳೋ, ನನಗೆ ಖಾತ್ರಿಯಿಲ್ಲ. ಚಿಕ್ಕಮ್ಮ ಜಾರಿದಳು! ಕೆಳಗೆ ನಿಂತಿದ್ದ ಚಿಕ್ಕಪ್ಪ, "ಬ್ರೇಕ್ ಹಾಕು! ಬ್ರೇಕ್ ಹಾಕು ಮಾರಾಯ್ತೀ!" ಎಂದು ಕೂಗುತ್ತ ಎರಡೂ ಕೈ ಚಾಚಿ ಅತ್ತಿಂದಿತ್ತ ಓಡಿದರು. ನನ್ನ ನೆನಪಿನಲ್ಲಿ ಅವಳು ಬಹಳ ದೂರ ಹೋಗುತ್ತಾಳೆ. ನಿಜವಾಗಿ ನಮ್ಮ ಹೋಟೆಲಿನ ಗಲ್ಲಾದಿಂದ ಕೈತೊಳೆಯುವ ಬೇಸಿನ್ನಿನಷ್ಟು ದೂರವಿದ್ದೀತು. ಆಮೇಲೆ ಮೆಲ್ಲಗೆ, ಚಾಪೆಯ ಮೇಲೆ ಕೂತಂತೆ, ಹಿಮದ ಮೇಲೆ ಕೂತುಬಿಟ್ಟಳು. ಏಟಿಲ್ಲ, ನೋವಿಲ್ಲ. ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ ಹುಡುಗಿಯಂತೆ ನಕ್ಕಳು.

ಚಿಕ್ಕಪ್ಪ ಏದುಸಿರು ಬಿಡುತ್ತ ಹತ್ತಿ ಬಂದು ಅವಳ ತಲೆಯ ಮೇಲಿನ ಹಿಮ ಕೊಡವಿದರು. "ಆಯ್ತಲ್ಲ? ಇನ್ನು ಆಸ್ಪತ್ರೆಗೆ ಫೋನ್ ಮಾಡ್ತೇನೆ, ಹಾಂ?" ಎಂದು ಕೇಳಿ, ಸಿಗ್ನಲ್ಲು ಹುಡುಕುತ್ತ ಆಚೆ ಹೋದರು.

ನಗು ನಿಂತಿತು. ಎಬ್ಬಿಸಲೆಂದು ಕೈ ಕೊಟ್ಟೆ. ಅವಳು ಗ್ಲೌಸು ಕಳಚಿ ನನ್ನ ಕೈ ಹಿಡಿದುಕೊಂಡಳು, ಏಳಲಿಲ್ಲ.

"ನಿನ್ನ ಅಮ್ಮನೂ ಹೀಗೇ ನಗಾಡಿಕೊಂಡು ಒಳಗೆ ಹೋದದ್ದು" ಎಂದಳು. "ಸಣ್ಣ ಆಪರೇಷನ್, ಸಂಜೆ ಬಂದು ಹಿಟ್ಟು ಅರೀತೇನೆ, ಉದ್ದು ನೆನೆಹಾಕಿಡು ಅಂದಿದ್ಲು. ನಾನು ಹಾಕಿಟ್ಟಿದ್ದೆ."

ಅಮ್ಮ ತೀರಿಕೊಂಡಾಗ ನಾನು ತೀರ ಚಿಕ್ಕವಳು. ಅವಳ ಬಗ್ಗೆ ನನಗಿರುವ ನೆನಪೆಲ್ಲ ಚಿಕ್ಕಮ್ಮ ಹೇಳಿ ಹೇಳಿ ಕೊಟ್ಟದ್ದೇ. ಈ ಮಾತೊಂದನ್ನು ಅವಳು ಅದುವರೆಗೆ ಕೊಟ್ಟಿರಲಿಲ್ಲ. ನಾನೂ ಅವಳ ಪಕ್ಕದಲ್ಲಿ ಹಿಮದ ಮೇಲೆ ಕೂತೆ. ಟಿಕೆಟು ರದ್ದಾದ ದಿನಗಳಲ್ಲೆಲ್ಲ ಅವಳು ಎಷ್ಟು ಹಗುರಾಗಿ ಮಾತಾಡುತ್ತಿದ್ದಳು ಎಂದು ಯೋಚಿಸಿದೆ. ಆಮೇಲೆ ಕೇಳಿಯೇಬಿಟ್ಟೆ. ಅಷ್ಟರಲ್ಲಿ ಚಿಕ್ಕಪ್ಪ ದೂರದಿಂದ, ಡೇಟು ಸಿಕ್ಕಿತು ಎಂದು ಕೈಬೀಸಿದರು. ಅವಳೂ ಅವರತ್ತ ಕೈಬೀಸಿದಳು.

ಬರುವ ಸೋಮವಾರ ಆಪರೇಷನ್. ಹೊರಗೆ ಕಾಯಲು ನಾನಿರುತ್ತೇನೆ. ಎಲ್ಲದಕ್ಕೂ ಒಂದಕ್ಕೆರಡು ಮಾತು ಕೊಡುವ ನನ್ನ ಚಿಕ್ಕಮ್ಮ, ಅಂದು ಹಿಮದಲ್ಲಿ ಕೂತು ನಾನು ಕೇಳಿದ ಆ ಒಂದು ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ:

"ಚಿಕ್ಕಮ್ಮ, ಈ ಹಿಮ ಬೀಳುವುದೇ ನಿನಗೆ ಬೇಡ ಇತ್ತಾ?"