ಕುಕ್ಕರಿನ ದೀಪ

ಕೊಚ್ಚಿಯ ಪಕ್ಕದ ಏಲೂರಿನ ಗೊಬ್ಬರದ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ, ಕರೆಂಟು ಹೋದಾಗ ಹೊತ್ತಿಸುವ ಎಮರ್ಜೆನ್ಸಿ ದೀಪ ತಯಾರಿಸುವ ಒಂದು ಸಣ್ಣ ಶೆಡ್ ಇತ್ತು. ಅದರ ಮೂಲೆಯ ರಿಪೇರಿ ಮೇಜಿನ ಮುಂದೆ ಯಜ್ಞನಾರಾಯಣ ಒಂಬತ್ತು ವರ್ಷದಿಂದ ಕೂತಿದ್ದ. ಒಳಗಿನ ಬ್ಯಾಟರಿ, ವಯರು ಚೆನ್ನಾಗಿಯೇ ಇರುತ್ತಿದ್ದವು. ಕೈಕೊಡುತ್ತಿದ್ದದ್ದು ಹೊರಗಿನ ಪ್ಲಾಸ್ಟಿಕ್ಕು. ಹಿಡಿಕೆ ಮುರಿದದ್ದು, ಮುಚ್ಚಳ ಸೀಳಿದ್ದು, ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾದದ್ದು, ಹೀಗೆ ಮಳೆಗಾಲ ಮುಗಿಯುವಾಗ ಗೋಣಿಗಟ್ಟಲೆ ವಾಪಸು ಬರುತ್ತಿದ್ದವು. ಗೋಂದು ಹಚ್ಚಿ ಹಚ್ಚಿ ಅವನ ಬೆರಳುಗಳು ಹಲಸು ಬಿಡಿಸಿದವನ ಬೆರಳಿನಂತೆ ಸದಾ ಅಂಟುತ್ತಿದ್ದವು.

ಸುನಾಮಿ ಬಂದುಹೋದ ಎರಡನೆಯ ವರ್ಷ, ಕಡಲ ದಂಡೆಯ ಆಸರೆ ಕೇಂದ್ರಗಳಿಗೆ ಸಾವಿರ ದೀಪ ಬೇಕೆಂದು ತಿರುವನಂತಪುರದ ಒಂದು ಕಚೇರಿ ಟೆಂಡರ್ ಕರೆಯಿತು. ಶೆಡ್ಡಿನ ಯಜಮಾನ ವೆಂಕಟರಮಣ ಮಟ್ಟಾಂಚೇರಿಯ ಕೊಂಕಣಿಯವರು. ಮಂಗಳೂರಿನಲ್ಲಿ ಓದಿದ್ದರಿಂದ ಕಾಸರಗೋಡಿನ ಕಡೆಯ ಯಜ್ಞನಾರಾಯಣನೊಡನೆ ಕನ್ನಡವನ್ನೇ ಆಡುತ್ತಿದ್ದರು. ಈ ಆರ್ಡರ್ ಸಿಗದಿದ್ದರೆ ಓಣಂ ಕಳೆದ ಮೇಲೆ ಹನ್ನೊಂದು ಜನರೂ ಬೇರೆ ದಾರಿ ನೋಡಿಕೊಳ್ಳಬೇಕೆಂದು ಅವರು ಎಲ್ಲರನ್ನೂ ನಿಲ್ಲಿಸಿ ಹೇಳಿದರು.

ಯಜ್ಞನಾರಾಯಣ ಮರುದಿನ ಮನೆಯಿಂದ ಒಂದು ಚೀಲ ಹೊತ್ತು ತಂದ. ಒಳಗಿದ್ದದ್ದು ಹೆಂಡತಿ ಜಲಜಾಳ ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರು. ಹೊಟ್ಟೆಗೆ ಕಿಟಕಿ ಕೊರೆದು ದಪ್ಪ ಗಾಜು ಕೂರಿಸಿ, ಹಿಂದೆ ಬಿಳಿ ಎಲ್‌ಇಡಿಗಳ ಸಾಲು ಇಟ್ಟಿದ್ದ. ಮುಚ್ಚಳದ ರಬ್ಬರು ನೀರು ತಡೆಯುತ್ತಿತ್ತು. ಸೀಟಿ ಇರುತ್ತಿದ್ದ ಜಾಗದಲ್ಲಿ, ಬ್ಯಾಟರಿಯಲ್ಲಿ ಜೀವ ಇದೆ ಎಂದು ತೋರಿಸುವ ಕೆಂಪು ಬಲ್ಬು ಮಿನುಗುತ್ತಿತ್ತು. ಟೆಂಡರಿನ ಸುದ್ದಿಗೂ ಮೊದಲೇ ಶುರುವಾದ ಕೆಲಸವಾದ್ದರಿಂದ ಜಲಜಾ ಒಂದು ತಿಂಗಳಿನಿಂದ ಅನ್ನವನ್ನು ಪಾತ್ರೆಯಲ್ಲಿ ಬಸಿಯುತ್ತಿದ್ದಳು. ಪ್ರತಿ ಸಲ ಗಂಜಿ ಬಸಿಯುವಾಗಲೂ ಒಂದು ಚುಚ್ಚುಮಾತು ಆಡುತ್ತಿದ್ದಳು.

ವೆಂಕಟರಮಣ ಅದನ್ನು ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. “ಬೇಯಿಸ್ಲಿಕ್ಕೂ ಆಗುದಿಲ್ಲ, ತಿನ್ಲಿಕ್ಕೂ ಆಗುದಿಲ್ಲ. ಆದ್ರೂ ಎಲ್ಲಿ ಮುರೀತದೆ ಅಂತ ನಿಮ್ಗೆ ಗೊತ್ತಿದ್ದಷ್ಟು ನಂಗೆ ಗೊತ್ತಿಲ್ಲ ಮಾರಾಯ್ರೆ. ಇದನ್ನೇ ಟೆಂಡರಿಗೆ ತಕೊಂಡು ಹೋಗಿ ಬನ್ನಿ.”

ತಿರುವನಂತಪುರದ ಬೆಳಗಿನ ರೈಲಿನಲ್ಲಿ ಪಕ್ಕದ ಮನೆಯ ವಿಜಯಾ ಮೇಡಂ ಸಿಕ್ಕರು. ಮೈಸೂರಿನವರು, ಬ್ಯಾಂಕಿನ ಅಧಿಕಾರಿ. ಪರರ ಕಷ್ಟವೆಂದರೆ ಕರೆಯದೆಯೇ ಬರುವ ಜೀವ. ಚೀಲದೊಳಗೆ ಏನೆಂದು ಕೇಳಿ ತಿಳಿದು, ಅದನ್ನು ಇಡೀ ಬೋಗಿಗೆ ಮಲಯಾಳದಲ್ಲಿ ವಿವರಿಸಿದರು. ಎದುರಿನ ಮೇಷ್ಟ್ರೊಬ್ಬರು ಉಪ್ಪುಗಾಳಿಗೆ ಲೋಹ ನಿಲ್ಲದೆಂದರು. ಕಿಟಕಿಯ ಪಕ್ಕದವರು, ತಮ್ಮ ಮನೆಯ ಪ್ಲಾಸ್ಟಿಕ್ ರೇಡಿಯೊ ಇಲಿಯ ಹೊಟ್ಟೆ ಸೇರಿದ ಕತೆ ಹೇಳಿದರು. ಆಲಪ್ಪುಳ ದಾಟುವಷ್ಟರಲ್ಲಿ ಬೋಗಿ ಎರಡು ಪಕ್ಷವಾಗಿ, ಪರೀಕ್ಷೆ ಮಾಡಿಯೇ ತೀರಬೇಕೆಂದು ಎರಡೂ ಪಕ್ಷ ಒಪ್ಪಿದವು. ಒಬ್ಬರು ಮೇಲಿನ ಬರ್ತಿನಿಂದ ಕೆಡವಿದರು. ಇನ್ನೊಬ್ಬರು ಚಹಾ ಸುರಿದರು. ಮೇಷ್ಟ್ರು ಅದರ ಮೇಲೆ ಕೂತರು. ಪ್ರತಿ ಸಲವೂ ಯಜ್ಞನಾರಾಯಣನ ಜೀವ, ಬೆಕ್ಕು ಬಾಯಲ್ಲಿ ಕಚ್ಚಿಕೊಂಡು ಹೋಗುವ ಮರಿಯಂತೆ ತೂಗಾಡಿತು. ದೀಪ ಮಾತ್ರ ಉರಿಯಿತು.

ಟೆಂಡರು ಮೂರು ಗಂಟೆಗೆ. ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದಾಗ ಎರಡು.

“ಮುಖ ಬಾಡಿ ಹೋಗಿದೆಯಲ್ರೀ, ಒಂದು ಕಾಫಿ ಕುಡೀರಿ. ಆ ಚೀಲ ಯಾಕೆ ಮಗು ಥರ ಎತ್ಕೊಂಡಿದ್ದೀರ? ಒದ್ದೆಯಾಗಿದೆ, ತೆಗೆದು ಬೆಂಚಿನ ಮೇಲೆ ಒಣಗೋಕಿಡಿ. ಕುಕ್ಕರ್ ಯಾರು ಕದೀತಾರೆ?” ಎಂದು ವಿಜಯಾ ಮೇಡಂ ಹೇಳಿ, ಆಟೋ ಹಿಡಿದು ಹೋದರು.

ಅವನು ಕಾಫಿಗೆ ನಿಂತ. ಕದಿಯಲು ಯಾರೂ ಬರಲಿಲ್ಲ. ಆದರೆ ತಿರುಗಿ ನೋಡುವಾಗ ಬೆಂಚಿನ ಸುತ್ತ ಜನವೇ ಇರಲಿಲ್ಲ. ನಿರ್ಜನ ಬೆಂಚಿನ ಮೇಲೆ ಕುಕ್ಕರೊಂದು ಕೆಂಪಗೆ ಮಿನುಗುತ್ತಿತ್ತು. ದೂರದಲ್ಲಿ ಹಗ್ಗ ಕಟ್ಟಿ ಪೊಲೀಸರು ನಿಂತಿದ್ದರು.

ತನ್ನದೆಂದು ಕೂಗಿಕೊಂಡು ಓಡಿದವನನ್ನು ಇಬ್ಬರು ತೋಳು ಹಿಡಿದು ಗೋಡೆಗೆ ಒರಗಿಸಿದರು. ಒಳಗೆ ಬ್ಯಾಟರಿ ಉಂಟು, ವಯರು ಉಂಟು ಎಂದು ಅವನು ಪ್ರಾಮಾಣಿಕವಾಗಿ ವಿವರಿಸಿದಷ್ಟೂ ಹಿಡಿತ ಬಿಗಿಯಾಯಿತು. ಮರಳಿನ ಚೀಲ ಬಂತು, ನೀರಿನ ಪೈಪು ಬಂತು. ಹದಿನೈದು ನಿಮಿಷ ನೀರು ಬಿಟ್ಟರು. ಆಮೇಲೆ ಉದ್ದ ಬಿದಿರಿನಿಂದ ತಿವಿದಾಗ ಅದು ಉರುಳಿ, ಪ್ಲಾಟ್‌ಫಾರ್ಮಿನಿಂದ ಕೆಳಗೆ ಕಬ್ಬಿಣದ ಹಳಿಯ ಮೇಲೆ ಬಿತ್ತು. ಸ್ವಿಚ್ಚು ಇದ್ದ ಕಡೆ ಸರಿಯಾಗಿ ನೆಗ್ಗಿ, ದೀಪ ಹೊತ್ತಿಕೊಂಡಿತು. ಎಲ್ಲರೂ ನೆಲಕ್ಕೆ ಬೋರಲಾದರು. ಸಿಡಿಯುವುದು ಏನೂ ಇರಲಿಲ್ಲ. ಬೆಳಕು ಮಾತ್ರ ಇತ್ತು.

ಕೊನೆಗೆ ಹೇಳಿಕೆ ಬರೆಸಿಕೊಂಡು, ಅವನು ಹೇಳಿದ್ದು ನಿಜವೋ ಎಂದು ನೋಡಿ ಬರಲು ಒಬ್ಬ ಪೇದೆಯನ್ನು ಜೊತೆಗೆ ಕಳಿಸಿದರು. ಕಚೇರಿ ತಲುಪುವಾಗ ಮೂರೂ ಇಪ್ಪತ್ತು. ಬಾಗಿಲು ಮುಚ್ಚಿತ್ತು. ಪೇದೆಯನ್ನು ಕಂಡ ಜವಾನ ತಾನಾಗಿಯೇ ತೆರೆದ.

ಒಳಗೆ ಉಳಿದವರ ಪ್ಲಾಸ್ಟಿಕ್ ದೀಪಗಳು ಬಣ್ಣಬಣ್ಣವಾಗಿ ಮೇಜಿನ ಮೇಲಿದ್ದವು. ಅಧಿಕಾರಿ ನಿರ್ಮಲ ಒಂದೊಂದನ್ನೂ ಮೊದಲ ಮಹಡಿಯ ಬಾಲ್ಕನಿಯಿಂದ ಕೆಡವಿಸಿ ನೋಡಿದ್ದರು. ಒಂದಕ್ಕೆ ಹಿಡಿಕೆ ಇಲ್ಲ, ಒಂದಕ್ಕೆ ಮೂತಿ ಇಲ್ಲ. ಮರಳು ಮೆತ್ತಿ, ನೆಗ್ಗಿ, ನೀರು ತೊಟ್ಟಿಕ್ಕುತ್ತ, ಆದರೂ ಧಗಧಗ ಉರಿಯುತ್ತಿದ್ದ ಕುಕ್ಕರನ್ನು ಅವರು ಬಹಳ ಹೊತ್ತು ನೋಡಿದರು. ಪೇದೆ ನಡೆದದ್ದನ್ನು ವರದಿಯಂತೆ ಒಪ್ಪಿಸಿದ. ಇಲಾಖೆಯ ಚರಿತ್ರೆಯಲ್ಲಿ ಯಾವ ಸಾಮಾನಿಗೂ ಇಂಥ ಸರ್ಟಿಫಿಕೇಟು ಸಿಕ್ಕಿರಲಿಲ್ಲ.

ಅವನ ಫಾರಮ್ಮಿನಲ್ಲಿ ಒಂದು ಕಾಲಮ್ಮು ಖಾಲಿ ಉಳಿದಿತ್ತು: ರಿಪೇರಿಗೆ ಏನು ವ್ಯವಸ್ಥೆ? ಉಳಿದವರು ಅಲ್ಲಿ ಜಿಲ್ಲೆ ಜಿಲ್ಲೆಯ ವಿಳಾಸ ತುಂಬಿಸಿದ್ದರು. ಯಜ್ಞನಾರಾಯಣನಿಗೆ ಒಂಬತ್ತು ವರ್ಷದ ಗೋಣಿಗಳು ಕಣ್ಣ ಮುಂದೆ ಬಂದವು. ಎದೆಯುಬ್ಬಿಸಿ ‘ಅಗತ್ಯವಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ತನ್ನ ಉದ್ದ ಹೆಸರನ್ನು ಪೂರ್ತಿಯಾಗಿ ಸಹಿ ಮಾಡಿದ. ನಿರ್ಮಲ ಅದನ್ನು ಓದಿ, ಮೊದಲ ಸಲ ನಕ್ಕು, ಆರ್ಡರ್ ಕೊಟ್ಟೆವೆಂದು ಹೇಳಲು ಎದುರಿಗೇ ಏಲೂರಿಗೆ ಫೋನು ಹಚ್ಚಿದರು.

ಸಂಜೆ ರೈಲು ಹತ್ತುವ ಮೊದಲು ಅವನು ತಂಪಾನೂರಿನ ಬೂತಿನಿಂದ ಯಜಮಾನರಿಗೆ ಫೋನು ಮಾಡಿದ.

“ಯಜ್ಞಣ್ಣ, ನೀವು ಶೆಡ್ಡು ಉಳಿಸಿದ್ರಿ ಮಾರಾಯ್ರೆ. ಹತ್ತು ಜನರ ಅನ್ನ ಉಳೀತು.”

“ಹನ್ನೊಂದಲ್ವಾ?”



“ಇನ್ನು ಮೇಲೆ ಎಲ್ಲ ಇದೇ ಮಾಡುದು, ಪ್ಲಾಸ್ಟಿಕ್ ಬಂದ್. ಹಾಗಾದ್ರೆ ರಿಪೇರಿ ಮೇಜು ಎಂತಕ್ಕೆ? ಬೇಕಾಗುದಿಲ್ಲ ಅಂತ ನೀವೇ ಬರ್ದು ಸೈನ್ ಹಾಕಿದ್ದೀರಂತಲ್ಲ, ಆಫೀಸಿನ ಮೇಡಂ ಫೋನಲ್ಲಿ ಓದಿ ಹೇಳಿದ್ರು. ಸರ್ಕಾರಕ್ಕೆ ಬರ್ದು ಕೊಟ್ಟದ್ದನ್ನು ನಾನು ಸುಳ್ಳು ಮಾಡ್ಲಿಕ್ಕುಂಟಾ? ಓಣಂವರೆಗೆ ಇರಿ.”

ರೈಲಿನಲ್ಲಿ ಅವನು ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹೊರಗೆ ಇನ್ನೂ ಬಿಸಿಲಿತ್ತು. ಹಗಲು ಹೊತ್ತಿನಲ್ಲಿ ದೀಪ ಯಾಕೆ, ಆರಿಸಿ ಎಂದು ಎದುರಿನ ಹೆಂಗಸು ಸನ್ನೆ ಮಾಡಿದಳು. ಅವನು ಹೆಬ್ಬೆರಳಿನಿಂದ ಒತ್ತಿದ, ಉಗುರಿನಿಂದ ಎಬ್ಬಿಸಿದ, ಕೀಲಿಕೈ ತುರುಕಿ ನೋಡಿದ. ನೆಗ್ಗಿನೊಳಗೆ ಹೂತುಹೋದ ಸ್ವಿಚ್ಚು ಅಲುಗಲಿಲ್ಲ.

ಅದಕ್ಕೆ ರಿಪೇರಿ ಬೇಕಾಗಿತ್ತು.